ಸಂಶೋಧನೆಗೊಂದು ಸಮಸ್ಯೆ ಬೇಕು

‘ಸಮಸ್ಯೆ’ ಎಂಬ ಮಾತು ಕೇಳಿದೊಡನೆ ನಾವೆಲ್ಲ ಮುಖ ಸಿಂಡರಿಸುತ್ತೇವೆ. ಇಕಾಮಾದ ಸಮಸ್ಯೆ, ರಜೆಗೆ ಊರಿಗೆ ಹೋಗುವಾಗ ಟಿಕೆಟ್ಟಿನ ಸಮಸ್ಯೆ, ಪರೀಕ್ಷೆ ಹತ್ತಿರ ಬಂದಾಗ ಗಣಿತದ ಸಮಸ್ಯೆ – ಇವು ಯಾರಿಗೂ ಬೇಡ. ಆದರೆ ಸಮಸ್ಯೆಯನ್ನು ತಾವಾಗಿಯೇ ಹುಡುಕಿಕೊಂಡು ಹೋಗುವ, ಒಳ್ಳೆಯದೊಂದು ಸಿಕ್ಕಿದರೆ ಹಬ್ಬದೂಟ ಸಿಕ್ಕಿದಷ್ಟು ಸಂತೋಷಪಡುವ ಜನರೂ ಇದ್ದಾರೆ. ಅವರೇ ಸಂಶೋಧಕರು.

ನಮ್ಮ ಅವಧಾನ ಕಲೆಯಲ್ಲಿಯೂ ‘ಸಮಸ್ಯೆ’ ಎಂಬ ಒಂದು ಭಾಗವಿದೆ. ಪೃಚ್ಛಕರು ಪದ್ಯದ ಕೊನೆಯ ಸಾಲನ್ನಷ್ಟೇ ಕೊಡುತ್ತಾರೆ. ಮೇಲ್ನೋಟಕ್ಕೆ ಆ ಸಾಲು ಅಸಂಬದ್ಧ. ಅವಧಾನಿಗಳು ಉಳಿದ ಸಾಲುಗಳನ್ನು ಕಟ್ಟಿ, ಅದೇ ಅಸಂಬದ್ಧ ಸಾಲಿಗೆ ಸರಿಯಾದ ಅರ್ಥ ಬರುವಂತೆ ಮಾಡಬೇಕು. ಶತಾವಧಾನಿ ಡಾ. ಆರ್. ಗಣೇಶ್ ಅವರ ಅವಧಾನವನ್ನು ಕಂಡವರಿಗೆ ಆಗ ಸಭೆಯಲ್ಲಿ ಹಬ್ಬುವ ಕುತೂಹಲ ಗೊತ್ತಿರುತ್ತದೆ. ತೀರಾ ಸುಲಭದ ಸಾಲು ಕೊಟ್ಟರೆ ಸಭೆಗೆ ರುಚಿಸದು. ಯಾರಿಂದಲೂ ಪೂರೈಸಲಾಗದ ಸಾಲು ಕೊಟ್ಟರೆ ಅದು ಸಮಸ್ಯೆಯಲ್ಲ, ಬರೀ ಕೀಟಲೆ. ವಿದ್ಯಾರ್ಥಿಗಳು ತಮ್ಮ ಅಧ್ಯಯನಕ್ಕೆ ಆರಿಸಿಕೊಳ್ಳಬೇಕಾದ ಸಮಸ್ಯೆಯೂ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಅದನ್ನು ಕಂಡುಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ವಿಷಯ ಬೇರೆ, ಸಮಸ್ಯೆ ಬೇರೆ

ಪ್ರಾಜೆಕ್ಟ್ ಕೊಡುವ ದಿನ ಹತ್ತಿರ ಬಂದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನನ್ನ ಬಳಿಗೆ ಬಂದ. “ಸರ್, ನನ್ನದು ಗ್ಲೋಬಲ್ ವಾರ್ಮಿಂಗ್” ಎಂದ. ಗಂಟಲು ನೋವು ಎಂದು ವೈದ್ಯರಿಗೆ ಹೇಳುವ ಧಾಟಿಯಲ್ಲೇ ಹೇಳಿದ. ಥರ್ಮೋಕೋಲಿನ ಭೂಮಿ, ಅದರ ಮೇಲೊಂದು ಅಳುವ ಮುಖ, ಅಂತರ್ಜಾಲದಿಂದ ಇಳಿಸಿಕೊಂಡ ಹದಿನೆಂಟು ಪುಟ – ಎಲ್ಲವೂ ಸಿದ್ಧವಾಗಿತ್ತು.

ನಾನು ಕೇಳಿದೆ: “ಸರಿ, ಭಾನುವಾರ ಬೆಳಿಗ್ಗೆ ಎದ್ದು ನೀನು ಏನನ್ನು ಅಳೆಯುತ್ತೀ?”

ಅವನು ಸುಮ್ಮನಾದ.

ತಪ್ಪು ಅವನದಲ್ಲ. ಜಾಗತಿಕ ತಾಪಮಾನ ಏರಿಕೆ ಎನ್ನುವುದು ಒಂದು ವಿಷಯ. ಸಾವಿರಾರು ವಿಜ್ಞಾನಿಗಳು, ಉಪಗ್ರಹಗಳು, ಹಡಗುಗಳು ಸೇರಿ ಅಧ್ಯಯನ ಮಾಡುತ್ತಿರುವ ಸಮುದ್ರದಂಥ ವಿಷಯ. ವಿಷಯಕ್ಕೆ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವುದಿಲ್ಲ. ಸಮಸ್ಯೆಗೆ ಇರುತ್ತದೆ. ಹಾಗೆಂದು ಚಿಹ್ನೆ ಹಾಕಿದ ಮಾತ್ರಕ್ಕೆ ಎಲ್ಲವೂ ಸಂಶೋಧನೆಯ ಸಮಸ್ಯೆಯಾಗುವುದಿಲ್ಲ. “ಕೆಂಪು ಸಮುದ್ರದ ಉದ್ದವೆಷ್ಟು?” ಎಂಬುದಕ್ಕೆ ಪುಸ್ತಕದಲ್ಲಿ ಉತ್ತರವಿದೆ. “ಮೊಬೈಲ್ ಒಳ್ಳೆಯದೋ ಕೆಟ್ಟದ್ದೋ?” ಎಂಬುದು ಚರ್ಚಾಸ್ಪರ್ಧೆಯ ಪ್ರಶ್ನೆ. ಯಾರಿಗೂ ಇನ್ನೂ ಗೊತ್ತಿಲ್ಲದ, ಆದರೆ ನೀವು ಕೈಯಾರೆ ಮಾಡಿ, ಕಣ್ಣಾರೆ ನೋಡಿ ತಿಳಿಯಬಹುದಾದದ್ದೇ ಸಂಶೋಧನೆಯ ಸಮಸ್ಯೆ. ‘ಯಾರಿಗೂ’ ಎಂದರೆ ಜಗತ್ತಿನಲ್ಲಿ ಯಾರಿಗೂ ಎಂದು ಹೆದರಬೇಡಿ. ನಿಮ್ಮ ಬೀದಿಯ ಬಗ್ಗೆ, ನಿಮ್ಮ ಮನೆಯ ಬಗ್ಗೆ ಯಾವ ವಿಜ್ಞಾನಿಯೂ ಬಂದು ಅಳೆದು ಹೋಗಿಲ್ಲ.

ಹುಡುಗನನ್ನು ಕಿಟಕಿಯ ಬಳಿ ಕರೆದುಕೊಂಡು ಹೋದೆ. “ಏನು ಕಾಣಿಸುತ್ತದೆ?” “ಏನೂ ಇಲ್ಲ ಸರ್.” “ಏನು ಕೇಳಿಸುತ್ತದೆ?” “ಎ.ಸಿ. ಸದ್ದು.” ಸ್ವಲ್ಪ ಹೊತ್ತು ಬಿಟ್ಟು, “ಕೆಳಗೆ ನೀರು ಬೀಳುವ ಸದ್ದು” ಎಂದ.

ಜಿಜಾನಿನ ಸೆಖೆ ಗೊತ್ತಲ್ಲ. ರಿಯಾದಿನಿಂದ ಬಂದ ನೆಂಟರು ಇಲ್ಲಿ ಬಸ್ಸಿಳಿದೊಡನೆ ಕನ್ನಡಕ ಒರೆಸಿಕೊಳ್ಳುತ್ತಾರೆ. ಸಮುದ್ರ ಪಕ್ಕದಲ್ಲೇ ಇರುವುದರಿಂದ ಇಲ್ಲಿಯ ಗಾಳಿಯಲ್ಲಿ ನೀರಿನ ಆವಿ ಬಹಳ. ತಂಪು ಪಾನೀಯದ ಡಬ್ಬಿಯ ಹೊರಮೈ ಬೆವರುವ ಹಾಗೆಯೇ, ಎ.ಸಿ. ಒಳಗಿನ ತಣ್ಣನೆಯ ಕೊಳವೆಗೆ ಈ ಗಾಳಿ ತಗುಲಿದಾಗ ಆವಿ ನೀರಾಗುತ್ತದೆ, ಪೈಪಿನಲ್ಲಿ ಇಳಿದು ಬೀದಿಗೆ ಬೀಳುತ್ತದೆ. ದಿನಾ ಅದನ್ನು ದಾಟಿಕೊಂಡೇ ನಾವು ನಡೆಯುತ್ತೇವೆ. ಅದೆಷ್ಟು ನೀರು? ಯಾವ ದಿನ ಹೆಚ್ಚು? ಯಾಕೆ?

ಅವನ ಮುಖ ಸ್ವಲ್ಪ ಅರಳಿತು. ಆದರೆ ಇನ್ನೂ ಅದು ಸಮಸ್ಯೆಯಾಗಿರಲಿಲ್ಲ, ಸಮಸ್ಯೆಯ ಮೊಳಕೆಯಷ್ಟೇ. ಯಾರ ಮನೆಯ ಎ.ಸಿ.? ಎಷ್ಟು ಟನ್ನಿನದು? ಎಷ್ಟು ಡಿಗ್ರಿಗೆ ಇಟ್ಟಾಗ? ಎಷ್ಟು ಗಂಟೆ ಓಡಿಸಿದಾಗ? ಬಾಗಿಲು ತೆರೆದಿತ್ತೋ ಮುಚ್ಚಿತ್ತೋ? ಹೀಗೆ ಒಂದೊಂದನ್ನೇ ಕೇಳುತ್ತಾ, ಬರೆಯುತ್ತಾ, ಹೊಡೆದುಹಾಕುತ್ತಾ ಎರಡು ದಿನಗಳ ನಂತರ ಅವನು ಈ ವಾಕ್ಯ ತಂದ: “ನಮ್ಮ ಮಲಗುವ ಕೋಣೆಯ ಒಂದೂವರೆ ಟನ್ ಎ.ಸಿ.ಯನ್ನು 24 ಡಿಗ್ರಿಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಓಡಿಸಿದಾಗ ಸಿಗುವ ನೀರು, ಹೊರಗಿನ ಗಾಳಿಯ ತೇವಾಂಶ ಹೆಚ್ಚಿದ ರಾತ್ರಿ ಹೆಚ್ಚುತ್ತದೆಯೇ?”

ಈ ವಾಕ್ಯವನ್ನು ಇನ್ನೊಮ್ಮೆ ಓದಿ. ಒಂದು ಸಂಗತಿ ಬದಲಾಗುತ್ತದೆ (ತೇವಾಂಶ), ಒಂದನ್ನು ಅಳೆಯುತ್ತೇವೆ (ನೀರು), ಉಳಿದವನ್ನೆಲ್ಲ ಒಂದೇ ರೀತಿ ಇಟ್ಟುಕೊಳ್ಳುತ್ತೇವೆ. ಬೇಕಾದ ಸಾಮಾನು ಒಂದು ಬಾಲ್ದಿ, ಗುರುತು ಹಾಕಿದ ಜಗ್, ಸಣ್ಣದೊಂದು ತೇವಾಂಶ ಮಾಪಕ, ಒಂದು ನೋಟುಪುಸ್ತಕ. ಮೂರು ವಾರದಲ್ಲಿ ಮುಗಿಯುತ್ತದೆ. ‘ಹೌದು’ ಎಂದೂ ಬರಬಹುದು, ‘ಇಲ್ಲ’ ಎಂದೂ ಬರಬಹುದು. ಎರಡಕ್ಕೂ ಅವಕಾಶವಿದೆ ಎನ್ನುವುದೇ ಮುಖ್ಯ. ಉತ್ತರ ಮೊದಲೇ ಗೊತ್ತಿದ್ದು, ಅದನ್ನು ಸಾಬೀತು ಮಾಡುವುದಕ್ಕೆಂದೇ ಹೊರಟರೆ ಅದು ವಕೀಲಿಕೆ.

ಮೊದಲ ರಾತ್ರಿ ಬಾಲ್ದಿ ತುಂಬಿ ಚೆಲ್ಲಿ ಲೆಕ್ಕವೆಲ್ಲ ಹೋಯಿತು. ಒಳ್ಳೆಯದೇ ಆಯಿತು. ನಿಜವಾದ ಅಧ್ಯಯನಕ್ಕೆ ಮೊದಲು ಒಂದೆರಡು ದಿನ ಮಾಡಿ ನೋಡುವುದು ಇದಕ್ಕಾಗಿಯೇ.

ಮಂಗಗಳೇಕೆ ಸಾಯುತ್ತಿವೆ?

ಪ್ರಶ್ನೆಯನ್ನು ಕಿರಿದು ಮಾಡುವುದೆಂದರೆ ಮಕ್ಕಳಾಟ ಎಂದು ಭಾವಿಸುವ ಪೋಷಕರಿದ್ದಾರೆ. ಅವರಿಗಾಗಿ ನಮ್ಮ ಮಲೆನಾಡಿನ ಒಂದು ಕತೆ ಹೇಳುತ್ತೇನೆ. ಅದರ ಎಳೆ ಕೊನೆಗೆ ನಾವಿರುವ ಈ ದೇಶಕ್ಕೂ ಬಂದು ತಲುಪುತ್ತದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು, ಮುಸುವಗಳು ಸತ್ತು ಬೀಳತೊಡಗಿದವು. ಅದೇ ಸಮಯದಲ್ಲಿ ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋಗಿ ಬಂದ ಹಳ್ಳಿಗರಿಗೆ ವಿಪರೀತ ಜ್ವರ, ಕೆಲವರಿಗೆ ರಕ್ತಸ್ರಾವ, ಸಾವು. “ಮಂಗಗಳೇಕೆ ಸಾಯುತ್ತಿವೆ?” ಎಂದು ಊರಿಗೆ ಊರೇ ಕೇಳುತ್ತಿತ್ತು. ಪ್ರಶ್ನೆ ಸರಿಯಾದದ್ದೇ. ಆದರೆ ಅದನ್ನು ಹಿಡಿದುಕೊಂಡು ಪ್ರಯೋಗಶಾಲೆಯೊಳಗೆ ಹೋದರೆ ಮಾಡುವುದಾದರೂ ಏನು? ಮಂಗ ಸಾಯುವುದಕ್ಕೆ ನೂರು ಕಾರಣಗಳಿರಬಹುದು.

ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಇಂದು ಅದು ರಾಷ್ಟ್ರೀಯ ವೈರಾಣು ಸಂಸ್ಥೆ) ಆ ದೊಡ್ಡ ಪ್ರಶ್ನೆಯಿಂದ ಒಂದು ಚಿಕ್ಕ ಪ್ರಶ್ನೆಯನ್ನು ಕತ್ತರಿಸಿ ತೆಗೆದರು: ಇದು ಹಳದಿ ಜ್ವರವೇ? ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದಲ್ಲಿರುವ ಹಳದಿ ಜ್ವರ ಮಂಗಗಳನ್ನೂ ಕೊಲ್ಲುತ್ತದೆ, ಮನುಷ್ಯರನ್ನೂ ಕೊಲ್ಲುತ್ತದೆ. ಭಾರತದಲ್ಲಿ ಅದು ಎಂದೂ ಕಾಣಿಸಿಕೊಂಡಿರಲಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿತ್ತು. ಬಂದಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ. ಆದ್ದರಿಂದ ಆ ಪ್ರಶ್ನೆಗೆ ಉತ್ತರ ತುರ್ತಾಗಿ ಬೇಕಿತ್ತು, ಮತ್ತು ಆ ಪ್ರಶ್ನೆಗೆ ಪ್ರಯೋಗಶಾಲೆಯಲ್ಲಿ ‘ಹೌದು’ ಅಥವಾ ‘ಅಲ್ಲ’ ಎಂದು ಹೇಳಲು ಸಾಧ್ಯವಿತ್ತು.

ಉತ್ತರ ಬಂತು: ಅಲ್ಲ. ಸತ್ತ ಮಂಗಗಳಲ್ಲೂ ರೋಗಿಗಳ ರಕ್ತದಲ್ಲೂ ಸಿಕ್ಕಿದ್ದು ಹೊಸದೊಂದು ವೈರಸ್. ಅದರ ಹತ್ತಿರದ ಸಂಬಂಧಿಗಳು ಇದ್ದದ್ದು ದೂರದ ರಷ್ಯಾದ ಚಳಿ ಕಾಡುಗಳಲ್ಲಿ. ಅಲ್ಲಿ ಅವನ್ನು ಹರಡುವುದು ಸೊಳ್ಳೆಯಲ್ಲ, ಉಣ್ಣಿ. ಇಲ್ಲಿ ನೋಡಿ, ಒಂದು ‘ಅಲ್ಲ’ ಎಷ್ಟು ಕೆಲಸ ಮಾಡಿತು! ಸೊಳ್ಳೆಯ ಹಿಂದೆ ಓಡಬೇಕಿದ್ದವರೆಲ್ಲ ನೆಲ ನೋಡತೊಡಗಿದರು. ಮುಂದಿನ ಪ್ರಶ್ನೆ ತಾನಾಗಿ ಹುಟ್ಟಿತು: ಈ ಕಾಡಿನ ಹಲವು ಬಗೆಯ ಉಣ್ಣಿಗಳಲ್ಲಿ ವೈರಸ್ಸನ್ನು ಹೊತ್ತಿರುವುದು ಯಾವುದು? ತರಗೆಲೆಯ ಮೇಲಿಂದ ಉಣ್ಣಿಗಳನ್ನು ಸಂಗ್ರಹಿಸಿ, ಬಗೆಬಗೆಯಾಗಿ ಬೇರ್ಪಡಿಸಿ, ಒಂದೊಂದನ್ನೂ ಪರೀಕ್ಷಿಸಿದರು. ‘ಹೀಮಾಫೈಸಾಲಿಸ್ ಸ್ಪಿನಿಜೆರಾ’ ಎಂಬುದು ಮುಖ್ಯ ವಾಹಕವೆಂದು ಗೊತ್ತಾಯಿತು. ಮಳೆ ನಿಂತ ಮೇಲೆ, ಚಳಿಗಾಲದಿಂದ ಬೇಸಗೆಯವರೆಗೆ ಕಾಯಿಲೆ ಏಕೆ ಹೆಚ್ಚು ಎಂಬುದಕ್ಕೂ ಆ ಉಣ್ಣಿಯ ಮರಿಗಳ ಓಡಾಟದಲ್ಲೇ ಉತ್ತರವಿತ್ತು. ಕಾಡಿಗೆ ಹೋಗುವಾಗ ಮೈಗೆ ಎಣ್ಣೆ ಹಚ್ಚಿಕೊಳ್ಳಿ, ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ, ಮಂಗ ಸತ್ತದ್ದು ಕಂಡರೆ ತಿಳಿಸಿ ಎಂದು ಇಂದಿಗೂ ಮಲೆನಾಡಿನಲ್ಲಿ ಆರೋಗ್ಯ ಕಾರ್ಯಕರ್ತರು ಹೇಳುವ ಮಾತುಗಳು ಈ ಪ್ರಶ್ನೆಗಳಿಂದಲೇ ಬಂದವು.

ರಷ್ಯಾದ ಸಂಬಂಧಿ ಮಲೆನಾಡಿಗೆ ಬಂದದ್ದು ಹೇಗೆ? ವಲಸೆ ಹಕ್ಕಿಗಳ ಮೈಮೇಲಿನ ಉಣ್ಣಿಗಳ ಮೂಲಕವೇ? ಇದು ಮತ್ತೊಂದು ಪ್ರಶ್ನೆ. ಪ್ರಸಿದ್ಧ ಪಕ್ಷಿತಜ್ಞ ಡಾ. ಸಲೀಂ ಅಲಿಯವರ ಮುಂದಾಳತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಕೆಲಸವನ್ನು ಆಗ ಕೈಗೊಂಡರು. ಹಕ್ಕಿಗಳೇ ತಂದವೆಂದು ಸಾಬೀತಾಗಲಿಲ್ಲ. ಆದರೆ ಭಾರತಕ್ಕೆ ಬರುವ ಹಕ್ಕಿಗಳು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂಬುದರ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಪಾಲಿಗೆ ಆ ಕೆಲಸವೇ ಬುನಾದಿಯಾಯಿತು. ‘ಇಲ್ಲ’ ಎಂಬ ಉತ್ತರ ಬಂದರೆ ಅಂಕ ಹೋಗುತ್ತದೆ ಎಂದು ಹೆದರುವ ಮಕ್ಕಳಿಗೆ ನಾನು ಹೇಳುವ ಉದಾಹರಣೆ ಇದೇ.

ಇನ್ನು ಎಳೆ ಇಲ್ಲಿಗೆ ಬರುತ್ತದೆ. 1990ರ ದಶಕದ ಮಧ್ಯದಲ್ಲಿ ಜೆದ್ದಾದಲ್ಲಿ ರೋಗಿಗಳ ರಕ್ತದಿಂದ ಒಂದು ವೈರಸ್ ದೊರೆಯಿತು. ಕುರಿಗಳ ಒಡನಾಟದಲ್ಲಿದ್ದವರು, ಮಾಂಸದ ಕೆಲಸ ಮಾಡುವವರು ಅದಕ್ಕೆ ತುತ್ತಾಗಿದ್ದರು. ಮುಂದೆ ಮಕ್ಕಾದಲ್ಲಿ, ನಮ್ಮ ನೆರೆಯ ನಜ್ರಾನಿನಲ್ಲಿ ಕೂಡ ಕಾಣಿಸಿಕೊಂಡಿತು. ಅಲ್‌ಖುರ್ಮಾ ವೈರಸ್ ಎಂದು ಅದಕ್ಕೆ ಹೆಸರಾಯಿತು. ಅದರ ವಂಶವಾಹಿಯನ್ನು ಓದಿದಾಗ ತಿಳಿದದ್ದು: ಅದು ನಮ್ಮ ಕ್ಯಾಸನೂರಿನ ವೈರಸ್ಸಿನ ತೀರಾ ಹತ್ತಿರದ ಸಂಬಂಧಿ! ಅಷ್ಟು ವರ್ಷ ಉತ್ತರ ದಿಕ್ಕಿಗೆ ನೋಡುತ್ತಿದ್ದ ಪ್ರಶ್ನೆ ಒಮ್ಮೆಲೇ ಪಶ್ಚಿಮದತ್ತ ತಿರುಗಿತು. ಮಲೆನಾಡಿಗೂ ಅರೇಬಿಯಾಕ್ಕೂ ನಡುವೆ ಏನಿದೆ? ಇನ್ನೂ ಪೂರ್ತಿ ಬಿಡಿಸದ ಪ್ರಶ್ನೆ ಅದು. ಈ ಪುಟ ಓದುತ್ತಿರುವವರಲ್ಲಿ ಯಾರಾದರೂ ಮುಂದೊಂದು ದಿನ ಅದನ್ನು ಕೈಗೆತ್ತಿಕೊಳ್ಳಬಾರದೇಕೆ?

ಜಿಜಾನಿಗೇ ಸೇರಿದ ಪ್ರಶ್ನೆಯೂ ಒಂದಿದೆ. 2000ದ ಸೆಪ್ಟೆಂಬರಿನಲ್ಲಿ ಇಲ್ಲಿಯ ವಾದಿಗಳ ಹಳ್ಳಿಗಳಲ್ಲಿ ಮತ್ತು ಗಡಿಯಾಚೆಯ ಯೆಮೆನಿನಲ್ಲಿ ಕುರಿ-ಮೇಕೆಗಳು ಕಂದು ಹಾಕತೊಡಗಿದವು, ಜನ ಜ್ವರದಿಂದ ಸತ್ತರು. ಹಳಬರಿಗೆ ಆ ದಿನಗಳ ನೆನಪು ಇನ್ನೂ ಇರುತ್ತದೆ. ಅದು ರಿಫ್ಟ್ ಕಣಿವೆ ಜ್ವರ. ಮೊದಲು ಗುರುತಿಸಿದ್ದು ಕೀನ್ಯಾದಲ್ಲಿ, 1931ರಲ್ಲಿ. ಆಫ್ರಿಕಾ ಖಂಡದ ಹೊರಗೆ ಅದು ಖಚಿತವಾಗಿ ಕಾಣಿಸಿಕೊಂಡದ್ದು ಇಲ್ಲಿಯೇ ಮೊದಲು. ಕೆಂಪು ಸಮುದ್ರವನ್ನು ಅದು ದಾಟಿದ್ದು ಹೇಗೆ? ಯಾವ ಸೊಳ್ಳೆ ಹರಡಿತು? ಪ್ರಾಣಿಗಳ ಬಳಿ ಕೆಲಸ ಮಾಡುವವರಿಗೆ ಎಷ್ಟು ಅಪಾಯ? ಒಂದೇ ದೊಡ್ಡ ಭಯವನ್ನು ವಿಜ್ಞಾನಿಗಳು ಇಂಥ ಬಿಡಿಬಿಡಿ ಪ್ರಶ್ನೆಗಳಾಗಿ ಒಡೆದರು. ಇಲ್ಲಿ ಸಿಕ್ಕ ವೈರಸ್ 1997-98ರಲ್ಲಿ ಪೂರ್ವ ಆಫ್ರಿಕಾದಲ್ಲಿ ಹಬ್ಬಿದ್ದರ ಹತ್ತಿರದ ಸಂಬಂಧಿ ಎಂದು ತಿಳಿದದ್ದು, ಆ ಒಂದೊಂದು ಚೂರನ್ನೂ ಬೇರೆ ಬೇರೆಯವರು ಹಿಡಿದು ಕುಳಿತದ್ದರಿಂದಲೇ.

ಪ್ರಶ್ನೆಯೊಳಗೇ ಉತ್ತರ ಅಡಗಿದ್ದರೆ

ಕೆಲವೊಮ್ಮೆ ಪ್ರಶ್ನೆ ಚಿಕ್ಕದಾಗಿರುತ್ತದೆ, ಸ್ಪಷ್ಟವಾಗಿರುತ್ತದೆ, ಆದರೂ ದಾರಿ ತಪ್ಪಿಸುತ್ತದೆ. ಸಾಗರದ ಬಳಿಯ ಹಂದಿಗೋಡು ಎಂಬ ಊರಿನ ಹೆಸರು ನೀವು ಕೇಳಿರಬಹುದು. 1970ರ ದಶಕದ ಮಧ್ಯದಲ್ಲಿ ಅಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಬಡವರಿಗೆ ಸೊಂಟ, ಮಂಡಿಗಳಲ್ಲಿ ಸಹಿಸಲಾಗದ ನೋವು ಬಂದು, ಕ್ರಮೇಣ ನಡೆಯಲಾಗದ ಸ್ಥಿತಿ ಬಂತು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೈಸೇರಿ, ಆ ಏಡಿಗಳನ್ನು ತಿಂದವರಿಗೆ ಹೀಗಾಯಿತೆಂಬ ಮಾತು ಹಬ್ಬಿತು. ನಂಬಲರ್ಹವಾದ ಮಾತೇ. ಆದರೆ “ಏಡಿ ತಿಂದದ್ದರಿಂದ ಎಷ್ಟು ಜನರಿಗೆ ಕಾಯಿಲೆ ಬಂದಿದೆ?” ಎಂದು ಕೇಳುತ್ತಾ ಹೊರಟರೆ, ಏಡಿ ತಿಂದೂ ಕಾಯಿಲೆ ಬರದವರು ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಮುಂದೆ ಮನೆತನಗಳ ವಂಶಾವಳಿ ಬರೆದು ನೋಡಿದಾಗ ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವುದು ಕಂಡಿತು. ಅದು ಮೂಳೆಗಳ ಬೆಳವಣಿಗೆಗೆ ಸಂಬಂಧಿಸಿದ ಆನುವಂಶಿಕ ರೋಗವೆಂದು ಗೊತ್ತಾಯಿತು. “ಯಾರಿಗೆ ಬಂದಿದೆ?” ಎಂಬುದರ ಜೊತೆಗೆ “ಯಾರಿಗೆ ಬಂದಿಲ್ಲ?” ಎಂದೂ ಕೇಳಬೇಕು.

ಈ ತಪ್ಪನ್ನು ನಾವು ದಿನವೂ ಮಾಡುತ್ತೇವೆ. ಹತ್ತನೆಯ ತರಗತಿಯ ಇಬ್ಬರು ಹುಡುಗರು “ಗಲ್ಫಿನಲ್ಲಿರುವ ಕನ್ನಡಿಗರ ಮಕ್ಕಳು ಕನ್ನಡವನ್ನು ಏಕೆ ಮರೆಯುತ್ತಿದ್ದಾರೆ?” ಎಂಬ ಶೀರ್ಷಿಕೆ ತಂದಿದ್ದರು. ಭಾಷಾಭಿಮಾನಕ್ಕೆ ಶಹಭಾಸ್ ಹೇಳಿದೆ. ಆದರೆ ಮರೆಯುತ್ತಿದ್ದಾರೆ ಎಂದು ಮೊದಲೇ ತೀರ್ಮಾನಿಸಿದವರು ಯಾರು? ‘ಮರೆಯುವುದು’ ಎಂದರೇನು? ಓದಲು ಬಾರದಿರುವುದೋ, ಮಾತಾಡಲು ಬಾರದಿರುವುದೋ, ನಾಚಿಕೊಂಡು ಮಾತಾಡದಿರುವುದೋ?

ಕೊನೆಗೆ ಅವರು ಹಿಡಿದದ್ದು ಸಂಬಂಧವಾಚಕ ಪದಗಳನ್ನು. ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ, ಅತ್ತಿಗೆ – ಇವರೆಲ್ಲರೂ ಇಲ್ಲಿ ಒಟ್ಟಿಗೆ ‘ಆಂಟಿ’ಯಾಗಿದ್ದಾರೆ. ಇಂಥ ಇಪ್ಪತ್ತು ಪದಗಳ ಪಟ್ಟಿ ಮಾಡಿ, ಊರಿನ ಅಜ್ಜ-ಅಜ್ಜಿಯೊಂದಿಗೆ ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ಮಾತಾಡುವ ಮಕ್ಕಳಿಗೂ ಮಾತಾಡದ ಮಕ್ಕಳಿಗೂ ಎಷ್ಟೆಷ್ಟು ಪದ ಗೊತ್ತು ಎಂದು ನೋಡುವುದು. ಸೊಗಸಾದ ಸಮಸ್ಯೆ ಎಂದು ನಾನೂ ಬೆನ್ನು ತಟ್ಟಿದೆ. ಆದರೆ ಮೊದಲ ದಿನವೇ ಒಬ್ಬ ಹುಡುಗ ‘ಸೋದರಮಾವ’ ಗೊತ್ತಿಲ್ಲ ಎಂದ. “ಅಮ್ಮನ ಅಣ್ಣನನ್ನು ಏನೆನ್ನುತ್ತೀ?” ಎಂದು ಕೇಳಿದರೆ ಥಟ್ಟನೆ “ತಮ್ಮಲೆ!” ಎಂದ. ಅವನ ಮನೆಮಾತು ತುಳು. ಮತ್ತೊಬ್ಬನದು ಬ್ಯಾರಿ, ಇನ್ನೊಬ್ಬನದು ಕೊಂಕಣಿ, ಮಗದೊಬ್ಬನದು ಉರ್ದು. ಕರ್ನಾಟಕದಿಂದ ಬಂದವರೆಲ್ಲರ ಮನೆಮಾತು ಕನ್ನಡ ಎಂದು ನಮ್ಮ ಪ್ರಶ್ನೆ ಸುಮ್ಮನೆ ಒಪ್ಪಿಕೊಂಡುಬಿಟ್ಟಿತ್ತು. ಪ್ರಶ್ನೆಯನ್ನು ಮತ್ತೆ ಬರೆಯಬೇಕಾಯಿತು. ಪ್ರಶ್ನೆಯನ್ನು ತಿದ್ದುವುದು ಅವಮಾನವಲ್ಲ, ತಿದ್ದಿದ್ದನ್ನು ಮುಚ್ಚಿಡುವುದು ತಪ್ಪು. ಹಳೆಯ ವಾಕ್ಯವನ್ನೂ ದಿನಚರಿ ಪುಸ್ತಕದಲ್ಲಿ ಹಾಗೆಯೇ ಉಳಿಸಿರಿ.

ನನ್ನದೇ ಒಂದು ಎಡವಟ್ಟು

ಹೀಗೆ ಬೋಧಿಸುವ ನಾನೇನು ಸಾಚಾ ಅಲ್ಲ. ನಾನು ಓದಿದ್ದು ಅರ್ಥಶಾಸ್ತ್ರ. ಪದವಿಯ ಕೊನೆಯ ವರ್ಷ ‘ಕರಾವಳಿ ಮೀನುಗಾರರ ಆರ್ಥಿಕ ಸ್ಥಿತಿಗತಿ’ ಎಂಬ ಘನವಾದ ಹೆಸರಿನಲ್ಲಿ ಅಧ್ಯಯನಕ್ಕೆ ಹೊರಟೆ. ಮಾರ್ಗದರ್ಶಕರು ಹೆಸರು ನೋಡಿ ಸಹಿ ಹಾಕಿದರು. ಅರುವತ್ತು ಪ್ರಶ್ನೆಗಳ ಅರ್ಜಿ ಹಿಡಿದು ಮಲ್ಪೆ ಬಂದರಿಗೆ ಹೋಗಿ, ಬಲೆ ಸರಿಪಡಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ: “ನಿಮ್ಮ ತಿಂಗಳ ಆದಾಯ ಎಷ್ಟು?”

ಅವರು ಸೂಜಿಯಿಂದ ತಲೆ ಎತ್ತದೆ ಕೇಳಿದರು: “ಯಾವ ತಿಂಗಳು?”

ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಆಗ ಆದಾಯ ಸೊನ್ನೆ. ಉಳಿದ ಕಾಲದಲ್ಲಿಯೂ ಅವರಿಗೆ ಸಂಬಳವಿಲ್ಲ, ಹಿಡಿದ ಮೀನಿನಲ್ಲಿ ಪಾಲು. ಒಂದು ದಿನ ಕೈತುಂಬ, ಮರುದಿನ ಡೀಸೆಲ್ ಖರ್ಚೂ ಹುಟ್ಟದು. ಸಂಬಳದವರ ಮನೆಯಲ್ಲಿ ಬೆಳೆದ ನಾನು ನನ್ನ ಮನೆಯ ಪ್ರಶ್ನೆಯನ್ನು ಅವರ ಮನೆಗೆ ಹೊತ್ತುಕೊಂಡು ಹೋಗಿದ್ದೆ. ಅರುವತ್ತರಲ್ಲಿ ನಲವತ್ತು ಪ್ರಶ್ನೆಗಳು ಅಂದೇ ಬಿದ್ದುಹೋದವು. ಹೊಸದಾಗಿ ಶುರುಮಾಡಲು ಸಮಯವಿರಲಿಲ್ಲ. ಹೇಗೋ ತುಂಬಿಸಿ ಕೊಟ್ಟೆ, ಪಾಸೂ ಆದೆ. ಆದರೆ “ಮಳೆಗಾಲದ ಆ ತಿಂಗಳುಗಳಲ್ಲಿ ಒಂದು ಮೀನುಗಾರ ಕುಟುಂಬ ಅಂಗಡಿಯ ಸಾಲವನ್ನು ಹೇಗೆ ನಿಭಾಯಿಸುತ್ತದೆ?” ಎಂದು ಒಂದೇ ಪ್ರಶ್ನೆ ಹಿಡಿದು ಆ ಹಿರಿಯರ ಪಕ್ಕ ಒಂದು ವಾರ ಕುಳಿತಿದ್ದರೆ ಎಷ್ಟು ತಿಳಿಯುತ್ತಿತ್ತೆಂದು ಈಗಲೂ ಅನಿಸುತ್ತದೆ. ಆದ್ದರಿಂದ ಮಕ್ಕಳೇ, ಪ್ರಶ್ನೆ ಬರೆಯುವ ಮೊದಲು ಆ ವಿಷಯದ ನಡುವೆ ಬದುಕುವ ಒಬ್ಬರೊಂದಿಗಾದರೂ ಮಾತಾಡಿ. ಮಾವಿನ ಬಗ್ಗೆಯಾದರೆ ತೋಟದವರೊಂದಿಗೆ, ಮೀನಿನ ಬಗ್ಗೆಯಾದರೆ ಮಾರುಕಟ್ಟೆಯವರೊಂದಿಗೆ.

ಓದುವುದು ಬೇಡವೆಂದಲ್ಲ. ಬೇರೆಯವರು ಏನು ಹೇಳಿದ್ದಾರೆಂದು ತಿಳಿದಿದ್ದರೆ ಮಾತ್ರ ಅದರಲ್ಲಿ ಬಿರುಕು ಕಾಣುತ್ತದೆ. ಸರ್ ಸಿ.ವಿ. ರಾಮನ್ 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು ಬೆರಗಾದದ್ದು ಪಾಠಪುಸ್ತಕದಲ್ಲಿದೆ. ಬೆರಗಾದವರು ಅವರೊಬ್ಬರೇ ಅಲ್ಲ. ಆದರೆ ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಮಾತ್ರ ಎಂದು ಮಹಾವಿಜ್ಞಾನಿ ರ‍್ಯಾಲೆ ಹೇಳಿದ್ದು ರಾಮನ್‌ಗೆ ಗೊತ್ತಿತ್ತು. ಹಾಗಿದ್ದರೆ ಪ್ರತಿಬಿಂಬವನ್ನು ಮರೆಮಾಡಿದರೆ ನೀಲಿಯೂ ಹೋಗಬೇಕಲ್ಲ? ಜೇಬಿನಲ್ಲಿದ್ದ ನಿಕೋಲ್ ಪಟ್ಟಕದ ಮೂಲಕ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು. ಸೂಯೆಜ್ ದಾಟಿ ಇದೇ ಕೆಂಪು ಸಮುದ್ರದ ಮಾರ್ಗವಾಗಿ ಮುಂಬಯಿ ತಲುಪುವಷ್ಟರಲ್ಲಿ ಅವರ ಬಳಿ ಬರೆದ ಪತ್ರ ಸಿದ್ಧವಿತ್ತು. ನೀರಿನ ಕಣಗಳು ಬೆಳಕನ್ನು ಚದುರಿಸುವ ಆ ಪ್ರಶ್ನೆಯೇ ಬೆಳೆದು 1928ರ ‘ರಾಮನ್ ಪರಿಣಾಮ’ವಾಯಿತು.

ಪೋಷಕರಲ್ಲಿ ಒಂದು ಮಾತು

ಭಾರತದಲ್ಲಿ 1993ರಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ನಡೆಯುತ್ತ ಬಂದಿದೆ. ಕರ್ನಾಟಕದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದರ ಹೊಣೆ ಹೊತ್ತು ಹಳ್ಳಿಹಳ್ಳಿಯ ಮಕ್ಕಳನ್ನು ಸೇರಿಸಿತು. ಅಲ್ಲಿ ಮಾದರಿಗಳ ಪ್ರದರ್ಶನವಿಲ್ಲ. ತಮ್ಮ ಊರಿನ ಒಂದು ಸಮಸ್ಯೆಯನ್ನು ಮಕ್ಕಳೇ ಗುಂಪಾಗಿ ಅಧ್ಯಯನ ಮಾಡಿ, ದಿನಚರಿ ಬರೆದು, ತಮ್ಮ ಭಾಷೆಯಲ್ಲೇ ಮಂಡಿಸಬೇಕು. ಕೆರೆಯ ನೀರು, ಒಲೆಯ ಹೊಗೆ, ಸಂತೆಯ ತರಕಾರಿ – ಇಂಥವೇ ಅವರ ವಿಷಯಗಳು. ನಮ್ಮ ಮಕ್ಕಳಿಗೂ ಅದೇ ದಾರಿ ಸರಿ ಎಂದು ನನ್ನ ಅಭಿಪ್ರಾಯ.

ನಮ್ಮಲ್ಲಿ ತೊಂದರೆ ಏನೆಂದರೆ ತಂದೆಯವರಿಗೆ ‘ದೊಡ್ಡ’ ವಿಷಯ ಬೇಕು. “ಎ.ಸಿ. ನೀರು ಅಳೆಯುವುದಕ್ಕೆ ಇವನನ್ನು ಇಷ್ಟು ಫೀಸು ಕೊಟ್ಟು ಓದಿಸಬೇಕೇ?” ಎಂದು ಒಬ್ಬರು ಫೋನಿನಲ್ಲಿ ಕೇಳಿದ್ದುಂಟು. ಈಗಂತೂ ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಜಾಗತಿಕ ತಾಪಮಾನದ ಮೇಲೆ ಹದಿನೆಂಟಲ್ಲ, ಎಂಬತ್ತು ಪುಟ ಅರ್ಧ ನಿಮಿಷದಲ್ಲಿ ಬರುತ್ತದೆ. ಆದರೆ ನಿನ್ನೆ ರಾತ್ರಿ ನಿಮ್ಮ ಬಾಲ್ದಿಯಲ್ಲಿ ಎಷ್ಟು ನೀರು ಬಿತ್ತೆಂದು ಅದಕ್ಕೆ ಗೊತ್ತಿಲ್ಲ.

ನೀವು ಮಾಡಬಹುದಾದ ಸಹಾಯ ಬೇರೆ ಇದೆ. ಮಕ್ಕಳು ಆರಿಸಿದ್ದು ಸುರಕ್ಷಿತವೇ ಎಂದು ನೋಡಿ. ಬಿಸಿಲಿನಲ್ಲಿ ವಾದಿಗೆ ಒಬ್ಬರೇ ಹೋಗಬೇಕಾದ, ಸೊಳ್ಳೆಯ ಮರಿಗಳನ್ನು ಮನೆಯಲ್ಲಿ ಸಾಕಬೇಕಾದ, ಅನುಮತಿಯಿಲ್ಲದೆ ಇತರರ ಫೋಟೋ ತೆಗೆಯಬೇಕಾದ ಅಧ್ಯಯನ ಎಷ್ಟೇ ಚೆನ್ನಾಗಿದ್ದರೂ ಬೇಡ. ಜನರನ್ನು ಪ್ರ‍ಶ್ನಿಸುವುದಿದ್ದರೆ ಅವರ ಒಪ್ಪಿಗೆ ಕೇಳಬೇಕು, ಹೆಸರು ಬರೆಯಬಾರದು ಎಂದು ಹೇಳಿಕೊಡಿ. ಉಳಿದದ್ದನ್ನು ಅವರಿಗೆ ಬಿಡಿ.

ಮನೆಯೊಳಗಿನ ಮಾತೇ ಎಷ್ಟೋ ಸಲ ಸಮಸ್ಯೆ ಹುಟ್ಟುವ ಜಾಗ. ಇಲ್ಲಿಯ ಮದುವೆಗಳಲ್ಲಿ ಹಾಕುವ ‘ಫುಲ್’ ಹೂವಿನ ಹಾರ ನೋಡಿ ನನ್ನ ಮಗಳು “ಇದು ನಮ್ಮ ಮಲ್ಲಿಗೆಯಲ್ಲವೇ?” ಎಂದಳು. ಹೌದು, ಉಡುಪಿಯ ಶಂಕರಪುರದಲ್ಲಿ ಬೆಳೆಯುವ ಮಲ್ಲಿಗೆಯೂ ಇದೂ ಒಂದೇ ಪ್ರಭೇದ. ಅಲ್ಲಿ ಎಣ್ಣೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಅವಳ ಅಜ್ಜಿ ಫೋನಿನಲ್ಲಿ ಲೆಕ್ಕ ಹೇಳಿದರು. ಬಾಳೆನಾರಿನಲ್ಲಿ ಕಟ್ಟಿದ್ದು ಬೇಗ ಬಾಡುವುದಿಲ್ಲ ಎಂದೂ ಸೇರಿಸಿದರು. “ದಾರಕ್ಕಿಂತ ಬಾಳೆನಾರಿನಲ್ಲಿ ಕಟ್ಟಿದ ಮೊಗ್ಗು ನಿಜವಾಗಿಯೂ ಹೆಚ್ಚು ಹೊತ್ತು ತಾಜಾ ಇರುತ್ತದೆಯೇ?” ಎಂಬ ವಾಕ್ಯ ಈಗ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ಒಂದೇ ಗಿಡದ, ಒಂದೇ ಹೊತ್ತಿಗೆ ಕೊಯ್ದ ಐವತ್ತೈವತ್ತು ಮೊಗ್ಗು ಬೇಕು, ‘ತಾಜಾ’ ಎಂದರೆ ಏನೆಂದು ಮೊದಲೇ ತೀರ್ಮಾನವಾಗಬೇಕು. ಅರಳಿದ್ದನ್ನು ಎಣಿಸುವುದೋ, ಕಂದಿದ್ದನ್ನೋ, ತೂಕ ಇಳಿದದ್ದನ್ನೋ? ಅಜ್ಜಿಯ ಮಾತನ್ನು ಪರೀಕ್ಷಿಸುವುದು ಅಜ್ಜಿಗೆ ಅಗೌರವವಲ್ಲವೇ ಎಂದು ಮಗಳಿಗೆ ಸಂಕೋಚವಿತ್ತು. ಕೇಳಿದ್ದಕ್ಕೆ, “ನೋಡು ಮಗಾ, ನನಗೂ ಗೊತ್ತಾಗಲಿ” ಎಂದರಂತೆ ಅಜ್ಜಿ. ಬಾಳೆನಾರು ಎಲ್ಲಿಂದ ತರುವುದೆಂಬುದು ಸದ್ಯ ನನ್ನ ಸಮಸ್ಯೆ.

ಇನ್ನು ಎ.ಸಿ. ಹುಡುಗ. ಬಾಲ್ದಿ ದೊಡ್ಡದಾಯಿತು, ಲೆಕ್ಕ ಸಾಗಿತು. ಎರಡನೆಯ ವಾರದಲ್ಲಿ ಒಂದು ದಿನ ನೋಟುಪುಸ್ತಕ ಹಿಡಿದು ಓಡಿ ಬಂದ. ತೇವಾಂಶ ಹಿಂದಿನ ರಾತ್ರಿಯಷ್ಟೇ ಇದ್ದರೂ ನೀರು ಮಾತ್ರ ಹೆಚ್ಚು ಬಿದ್ದಿತ್ತು. “ಬರೆದದ್ದು ತಪ್ಪಿರಬೇಕು, ಅಳಿಸಿಬಿಡಲೇ ಸರ್?” ಎಂದ. ಅಳಿಸಬೇಡ, ಆ ರಾತ್ರಿ ಏನಾಯಿತೆಂದು ನೆನಪಿಸಿಕೋ ಎಂದೆ. ಬಹಳ ಯೋಚಿಸಿ ಹೇಳಿದ: ಅಬಹಾದಿಂದ ನೆಂಟರು ಬಂದಿದ್ದರು, ಆರು ಮಂದಿ ಅದೇ ಕೋಣೆಯಲ್ಲಿ ಮಲಗಿದ್ದರು, ಮಕ್ಕಳು ಮಧ್ಯರಾತ್ರಿಯವರೆಗೂ ಬಾಗಿಲು ತೆಗೆದು ಹಾಕಿ ಮಾಡುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಸರ್, ಉಸಿರಿನಿಂದಲೂ ನೀರು ಬರುತ್ತದೆಯಲ್ಲ? ನೀರು ಹೆಚ್ಚಾದದ್ದು ಬಾಗಿಲಿನಿಂದಲೋ, ನೆಂಟರಿಂದಲೋ?”

ಇದನ್ನು ತಿಳಿಯಲು ಏನು ಮಾಡಬೇಕೆಂದು ನಾನು ಹೇಳಲಿಲ್ಲ. ಅವನೇ ಕಂಡುಕೊಂಡಿದ್ದಾನೆ. ಮುಂದಿನ ಗುರುವಾರ ರಾತ್ರಿ ಅದೇ ಆರು ಮಂದಿಯನ್ನು ಮತ್ತೆ ಕರೆದು, ಬಾಗಿಲು ಮುಚ್ಚಿ ಮಲಗಿಸಬಹುದೇ ಎಂದು ಅಮ್ಮನನ್ನು ಕೇಳಿದ್ದಾನಂತೆ. ಅಮ್ಮ ಇನ್ನೂ ಉತ್ತರ ಕೊಟ್ಟಿಲ್ಲ.